ಮೂವತ್ತೊಂಬತ್ತು ಸಾವಿರ ಸುಳ್ಳು ಹೆಸರುಗಳು

ಟೈಪಮ್ಮ ಆ ಆಫೀಸಿಗೆ ಸೇರಿದ ದಿನ ಅಲ್ಲಿ ಎರಡು ಟೈಪ್‌ರೈಟರು, ಒಂದು ಕಂಪ್ಯೂಟರು ಇದ್ದವು. ಈಗ ಕಂಪ್ಯೂಟರುಗಳೇ ಮೂವತ್ತನಾಲ್ಕಿವೆ, ಟೈಪ್‌ರೈಟರು ಹುಡುಕಿದರೂ ಸಿಗುವುದಿಲ್ಲ. ಆದರೂ ಅವಳು ಟೈಪಮ್ಮನಾಗಿಯೇ ಉಳಿದಳು. ಹೊಸದಾಗಿ ಸೇರಿದವರು ಮೊದಮೊದಲು ‘ಮೇಡಂ’ ಎನ್ನುತ್ತಾರೆ. ಮೂರನೆಯ ದಿನಕ್ಕೆ ಅವರ ಬಾಯಲ್ಲೂ ಟೈಪಮ್ಮನೇ. ಅವಳಿಗೆ ಅದರಿಂದ ಬೇಸರವೂ ಇಲ್ಲ, ಹೆಮ್ಮೆಯೂ ಇಲ್ಲ. ಕರೆದಾಗ ತಿರುಗಿ ನೋಡಬೇಕಾದವರು ತಿರುಗಿ ನೋಡಿದರೆ ಸಾಕು, ಹೆಸರಿನ ಕೆಲಸ ಅಷ್ಟೇ ಎಂದು ಅವಳ ಎಣಿಕೆ.

ಆಫೀಸು ಇದ್ದದ್ದು ಬಣ್ಣದ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ. ಮೆಟ್ಟಿಲು ಇಪ್ಪತ್ತೆಂಟು. ಹದಿನಾಲ್ಕರವರೆಗೆ ಬಣ್ಣದ ವಾಸನೆ, ಅಲ್ಲಿಂದ ಮೇಲೆ ಟೀ ವಾಸನೆ. ಅಲ್ಲಿ ಕೂತವರು ಆಸ್ಪತ್ರೆಗಳಿಗೆ ಪ್ರೋಗ್ರಾಮ್ ಬರೆದುಕೊಡುತ್ತಿದ್ದರು. ರೋಗಿ ಬಂದು ಕೌಂಟರಿನಲ್ಲಿ ಹೆಸರು ಹೇಳಿದರೆ ಅದು ಕಂಪ್ಯೂಟರಿಗೆ ಹೋಗಬೇಕು, ಟೋಕನ್ ಬರಬೇಕು, ಯಾವ ಕೋಣೆಗೆ ಹೋಗಬೇಕೆಂದು ಮೈಕು ಕೂಗಬೇಕು, ಯಾವ ಮದ್ದು ಒಗ್ಗುವುದಿಲ್ಲ ಎನ್ನುವುದು ಡಾಕ್ಟರ ಮುಂದೆ ಕಾಣಬೇಕು. ಇವೆಲ್ಲ ಸರಿಯಾಗಿ ಆಗುತ್ತವೆಯೇ ಎಂದು ಆಸ್ಪತ್ರೆಗೆ ಕಳಿಸುವ ಮೊದಲೇ ನೋಡುವುದು ಟೈಪಮ್ಮನ ಕೆಲಸ.

ನೋಡುವುದು ಎಂದರೆ ಸುಮ್ಮನೆ ಕಣ್ಣು ಬಿಟ್ಟು ಕೂರುವುದಲ್ಲ. ನಿಜವಾದ ರೋಗಿಗಳನ್ನು ಕರೆತಂದು ಪರೀಕ್ಷೆ ಮಾಡಲಾಗುವುದಿಲ್ಲವಲ್ಲ, ಆದ್ದರಿಂದ ಸುಳ್ಳು ರೋಗಿಗಳನ್ನು ತುಂಬಬೇಕು. ಸುಳ್ಳು ರೋಗಿಗೂ ಹೆಸರು ಬೇಕು, ವಯಸ್ಸು ಬೇಕು, ಕಾಯಿಲೆ ಬೇಕು. ಪ್ರೋಗ್ರಾಮ್ ಬರೆಯುವವರಿಗೆ ಇದು ತಲೆನೋವು. ಬೆರಳು ಎಲ್ಲಿ ಬಿತ್ತೋ ಅದೇ ಹೆಸರು: ಅಅಅ, ಅಅಅಅ, ಕಕಕ. ಒಂದು ಸಲ ಅಅಅ ಎಂಬ ರೋಗಿಯ ಎಕ್ಸ್‌ರೇ ಅಅಅಅ ಎಂಬ ರೋಗಿಯ ಕಡತಕ್ಕೆ ಹೋಗಿ ಸೇರಿತು. ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಕಂಡುಹಿಡಿದವಳು ಟೈಪಮ್ಮ, ಅದೂ ಅ-ಗಳನ್ನು ಬೆರಳಿಟ್ಟು ಎಣಿಸಿ. ಅವತ್ತೇ ಅವಳಿಗೆ ಅನ್ನಿಸಿತು, ಸುಳ್ಳು ಹೆಸರಿಗೂ ಒಂದು ಮುಖ ಬೇಕು ಎಂದು.

ಮುಖ ಕೊಟ್ಟವರು ಅವಳ ಅತ್ತೆ.

ಅತ್ತೆಗೆ ಆಗ ಎಪ್ಪತ್ತನಾಲ್ಕು. ಅವರದು ಒಂದು ವಿಚಿತ್ರ ಸ್ವಭಾವ. ಮನುಷ್ಯರನ್ನು ಬೈದವರಲ್ಲ, ಸಾಮಾನುಗಳನ್ನು ಬೈಯುತ್ತಿದ್ದರು. ಬೆಳಗ್ಗೆ ಎದ್ದು ಅಡಿಗೆಮನೆಗೆ ಕಾಲಿಟ್ಟರೆ ಶುರು. “ಈ ಸೌಟಿಗೆ ಎಷ್ಟು ಸಿಡುಕು ನೋಡು, ಮುಟ್ಟಿದ್ರೆ ಸುಡುತ್ತೆ. ಈ ಜರಡಿ ಚಾಡಿಕೋರ, ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ. ಏಣಿ ಒಂದು ಮೈಗಳ್ಳ, ಗೋಡೆ ಇಲ್ಲದೆ ನಿಲ್ಲೋಕಾಗಲ್ಲ ಅದಕ್ಕೆ.” ನಲ್ಲಿಯ ಕೆಳಗಿಟ್ಟ ಬಕೆಟ್ಟು ತುಂಬುವಾಗ ಮಾಡುವ ಸದ್ದಿಗೆ, “ಗೊಣಗು, ಗೊಣಗು, ನಿನ್ನ ಗಂಡನ ಗಂಟೇನಾದ್ರೂ ಹೋಯ್ತಾ?” ಎನ್ನುತ್ತಿದ್ದರು.

ಒಮ್ಮೆ ಟೈಪಮ್ಮ ಕೇಳಿದ್ದಳು, “ಅತ್ತೆ, ಅವುಗಳನ್ನ ಯಾಕೆ ಬೈತೀರ?”

“ಮನುಷ್ಯರನ್ನ ಬೈದ್ರೆ ತಿರುಗಿ ಬೈತಾರೆ. ಇವು ಬೈಸ್ಕೊಂಡು ಬಾಯಿ ಮುಚ್ಕೊಂಡಿರ್ತವೆ. ನಿನ್ನನ್ನೇ ಬೈಯ್ಲಾ ಹಾಗಾದ್ರೆ?”

“ಬೇಡಪ್ಪ, ಬಕೆಟ್ಟನ್ನೇ ಬೈಯಿರಿ.”

ಟೈಪಮ್ಮ ಅವನ್ನೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡಳು. ಹಾಳೆಯ ನಡುವೆ ಗೆರೆ. ಎಡಕ್ಕೆ ಬೈಗುಳ, ಬಲಕ್ಕೆ ಸಾಮಾನು. ಎಡಗಡೆಯದನ್ನು ಯಾವ ಬಲಗಡೆಯದಕ್ಕೆ ಜೋಡಿಸಿದರೂ ಒಂದು ಹೆಸರಾಗುತ್ತಿತ್ತು: ಜಂಬದ ಕೊಡೆ, ತಲೆಹರಟೆ ತಪ್ಪಲೆ, ಎಡವಟ್ಟು ಇಕ್ಕಳ, ಬಡಾಯಿ ಬಟ್ಟಲು. ಯಾವುದನ್ನೂ ಯಾವ ತಾಯಿಯೂ ಮಗುವಿಗೆ ಇಟ್ಟಿರಲಾರಳು. ಅದೇ ಮುಖ್ಯ.

ಪುಸ್ತಕ ನೋಡಿ ಬರೆಯುವುದು ನಿಧಾನವಾಗುತ್ತಿತ್ತು. ಆಗ ಕನ್ನಡಕದವನು ಅವಳಿಗೆ ದಾರಿ ತೋರಿಸಿದ. ಅವನು ಪ್ರೋಗ್ರಾಮ್ ಬರೆಯುವವರಲ್ಲಿ ಹಳಬ, ಎರಡು ಮಕ್ಕಳ ತಂದೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಕನ್ನಡಕ ಹುಡುಕುತ್ತಿದ್ದ. ಕಂಪ್ಯೂಟರಿನಲ್ಲಿ ಚಿತ್ರವಿಲ್ಲದ, ಗುಂಡಿಯಿಲ್ಲದ ಒಂದು ಕಪ್ಪು ಪರದೆ ಇರುತ್ತದೆ. ಅಲ್ಲಿ ಏನನ್ನೂ ಒತ್ತುವಂತಿಲ್ಲ. ಬೇಕಾದ್ದನ್ನು ಒಂದು ಸಾಲಿನಲ್ಲಿ ಬರೆದು ಎಂಟರ್ ಹೊಡೆದರೆ ಅದು ಉತ್ತರ ಕೊಡುತ್ತದೆ. “ಅಕ್ಕಾ, ನಿಮಗೆ ಬೇಕಾಗಿರೋದು ಇದೇ” ಎಂದ ಅವನು. ಐದು ವಾರ, ಊಟದ ಬಿಡುವಿನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ, ಅವನು ಹೇಳಿಕೊಟ್ಟ. ಅವಳು ಹತ್ತನೆಯ ತರಗತಿಗೇ ಓದು ನಿಲ್ಲಿಸಿದವಳು. ತಪ್ಪು ಮಾಡಿದಾಗಲೆಲ್ಲ ಪರದೆ ಕೆಂಪಗೆ ಬೈಯುತ್ತಿತ್ತು. ಬೈಯಲಿ ಬಿಡು, ಮನೆಯಲ್ಲಿ ಇದಕ್ಕಿಂತ ಚೆನ್ನಾಗಿ ಬೈಯುವವರಿದ್ದಾರೆ ಎಂದುಕೊಂಡು ಅವಳು ಮತ್ತೆ ಬರೆದಳು. ಕೊನೆಗೆ ನಲವತ್ತೊಂದು ಸಾಲಿನ ಪ್ರೋಗ್ರಾಮ್ ಆಯಿತು. ಕಪ್ಪು ಪರದೆಯಲ್ಲಿ ‘ಹೆಸರು’ ಎಂದು ಬರೆದು ಪಕ್ಕದಲ್ಲಿ ಐದು ಎಂದು ಹಾಕಿದರೆ ಐದು ಹೆಸರು, ಅರವತ್ತು ಎಂದರೆ ಅರವತ್ತು.

ಎಡಗಡೆ ಇನ್ನೂರ ಹನ್ನೆರಡು ಮಾತು, ಬಲಗಡೆ ನೂರ ಎಂಬತ್ತೇಳು. ಗುಣಿಸಿದರೆ ಮೂವತ್ತೊಂಬತ್ತು ಸಾವಿರದ ಆರುನೂರ ನಲವತ್ತನಾಲ್ಕು ಹೆಸರು. ಅವಳು ಅದನ್ನು ಕೈಯಲ್ಲೇ ಗುಣಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಗುಣಿಸಿ, ಕಂಪ್ಯೂಟರು ಸರಿಯಾಗಿದೆ ಎಂದು ಒಪ್ಪಿಕೊಂಡಳು.

ಆಮೇಲೆ ಅದು ಆಫೀಸಿಗೆಲ್ಲ ಅಂಟಿಕೊಂಡಿತು. ಪ್ರೋಗ್ರಾಮ್ ಬರೆಯುವವರಿಗೆ ರೋಗಿಗಳಿಗೆ ಮಾತ್ರವಲ್ಲ, ಎಲ್ಲದಕ್ಕೂ ತಾತ್ಕಾಲಿಕ ಹೆಸರು ಬೇಕಾಗುತ್ತದೆ: ಅರೆಬರೆ ಫೈಲಿಗೆ, ಹೊಸ ಮೆಷೀನಿಗೆ, ಇನ್ನೂ ಯಾರಿಗೂ ತೋರಿಸದ ಕೆಲಸಕ್ಕೆ. “ಜಂಬದ ಕೊಡೆ ಇವತ್ತು ಕೆಟ್ಟು ನಿಂತಿದೆ ಕಣ್ರೀ.” “ಮೈಗಳ್ಳ ಏಣಿಯನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡಿ.” ಅಂಥ ಮಾತು ಕೇಳಿದಾಗ ಟೈಪಮ್ಮ ತಲೆ ಎತ್ತುತ್ತಿರಲಿಲ್ಲ. ಒಳಗೊಳಗೇ ನಗುತ್ತಿದ್ದಳು. ಏಳು ವರ್ಷ ಹೀಗೆ ನಡೆಯಿತು.

ಅವಳ ನಿಯಮ ಒಂದೇ. ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲು ಸುಳ್ಳು ರೋಗಿಗಳನ್ನೆಲ್ಲ ಗುಡಿಸಿ ಹೊರಗೆ ಹಾಕಬೇಕು. ‘ಗುಡಿಸುವುದು’ ಎಂದೇ ಅವಳು ಕರೆಯುತ್ತಿದ್ದಳು. ಪಟ್ಟಿ ತೆರೆದು, ಒಂದೊಂದೇ ಹೆಸರು ಓದಿ, ಅಳಿಸಿ, ಕೊನೆಗೆ ಎಣಿಕೆ ಸೊನ್ನೆ ಎಂದು ನೋಡಿ ಏಳಬೇಕು. ಅರವತ್ತು ರೋಗಿಗಳಿಗೆ ಅರ್ಧ ಗಂಟೆ.

ಆ ಅರ್ಧ ಗಂಟೆಯೇ ಹೊಸ ಮ್ಯಾನೇಜರಿಗೆ ದುಬಾರಿಯಾಗಿ ಕಂಡದ್ದು.

ಮ್ಯಾನೇಜರು ಬಂದು ಎಂಟು ತಿಂಗಳಾಗಿತ್ತು. ಇಸ್ತ್ರಿ ಮುರಿಯದ ಅಂಗಿ, ಎರಡು ಫೋನು, ಮಾತಿಗೊಮ್ಮೆ ‘ಡೀಸೆಂಟ್’. ದೊಡ್ಡ ಆಸ್ಪತ್ರೆಯೊಂದರ ಕೆಲಸ ಬಂದಿತ್ತು. ಸೋಮವಾರ ಉದ್ಘಾಟನೆ ಎಂದಿದ್ದದ್ದು, ಅತಿಥಿಗಳಿಗೆ ಅನುಕೂಲವೆಂದು ಶನಿವಾರಕ್ಕೆ ಬಂತು. ಶುಕ್ರವಾರ ಸಂಜೆ ಐದಕ್ಕೆ ಟೈಪಮ್ಮ ಹೇಳಿದಳು, “ಸಾರ್, ಗುಡಿಸೋದು ಬಾಕಿ ಇದೆ. ಅರ್ಧ ಗಂಟೆ ಕೊಡಿ.”

“ಈಗಲೇ ಕಳಿಸ್ಬೇಕು ಟೈಪಮ್ಮ. ಸೋಮವಾರ ಗುಡಿಸಿ.”

“ಬಾಗಿಲು ತೆಗೆದು ಜನ ಬಂದ್ಮೇಲೆ ಯಾರಾದ್ರೂ ಗುಡಿಸ್ತಾರಾ?”

“ಎಲ್ಲದಕ್ಕೂ ಒಂದು ಮಾತು ನಿಮ್ದು” ಎಂದು ಮ್ಯಾನೇಜರು ಕನ್ನಡಕದವನ ಕಡೆ ತಿರುಗಿ ಕಳಿಸುವಂತೆ ಸನ್ನೆ ಮಾಡಿದರು. ಕಳಿಸಿದ್ದಾಯಿತು.

ಶನಿವಾರ ಹತ್ತು ನಲವತ್ತು. ಆಸ್ಪತ್ರೆಯ ಹಾಲಿನಲ್ಲಿ ಅತಿಥಿಗಳು, ದೊಡ್ಡ ಡಾಕ್ಟರು, ಹೂಗುಚ್ಛ ಹಿಡಿದವರು, ಅವರ ಹಿಂದೆ ಕುರ್ಚಿಗಳಲ್ಲಿ ನಿಜವಾದ ರೋಗಿಗಳು. ಮೈಕು ಸ್ಪಷ್ಟವಾಗಿ ಕೂಗಿತು: “ಟೋಕನ್ ಹದಿನೇಳು. ಗೊಣಗುವ ಬಕೆಟ್. ನಾಲ್ಕನೇ ಕೋಣೆಗೆ ಬನ್ನಿ.”

ಮೊದಲು ನಕ್ಕವನು ಬೆನ್ನುನೋವಿಗೆ ಬಂದಿದ್ದ ಒಬ್ಬ ಮುದುಕ. ನಕ್ಕು ನಕ್ಕು ಬೆನ್ನು ಹಿಡಿದುಕೊಂಡ. ಅವನ ಹಿಂದೆ ಇಡೀ ಹಾಲು. ಕೌಂಟರಿನಲ್ಲಿದ್ದ ರಿಜಿಸ್ಟರ್ ಅಣ್ಣ (ಆಸ್ಪತ್ರೆಯ ದಾಖಲೆಗಳನ್ನು ಇಪ್ಪತ್ತು ವರ್ಷದಿಂದ ನೋಡಿಕೊಂಡವನು) ಪರದೆ ನೋಡಿದ, ಒಂದೇ ನಿಮಿಷಕ್ಕೆ ಬಕೆಟ್ಟನ್ನು ಅಳಿಸಿದ. ಪಟ್ಟಿಯ ಮೇಲೆ ಕಣ್ಣಾಡಿಸಿ ಉಳಿದ ಐವತ್ತೊಂಬತ್ತನ್ನೂ ಹನ್ನೊಂದು ಗಂಟೆಯೊಳಗೆ ಹೊರಗೆ ಹಾಕಿದ. ಯಾರನ್ನೂ ಕೇಳಬೇಕಾಗಲಿಲ್ಲ. ಆದರೆ ಅತಿಥಿಗಳ ನಗು ಮ್ಯಾನೇಜರ ಕಿವಿಯಲ್ಲಿ ಸೋಮವಾರದವರೆಗೂ ಉಳಿಯಿತು.

ಸೋಮವಾರ ಬೆಳಗ್ಗೆ ಅವಳ ಮೇಜಿನ ಮೇಲೆ ಒಂದು ಪತ್ರ ಇತ್ತು. ‘ನನ್ನ ಅಜಾಗ್ರತೆಯಿಂದಲೂ ನಾನು ಬಳಸಿದ ಅಸಭ್ಯ ಹೆಸರುಗಳಿಂದಲೂ ಆದ ಮುಜುಗರಕ್ಕೆ ಕ್ಷಮೆ ಕೋರುತ್ತೇನೆ.’ ಕೆಳಗೆ ಸಹಿಗೆ ಜಾಗ.

ಟೈಪಮ್ಮ ಎರಡು ಸಲ ಓದಿದಳು. ಎದ್ದು ಮ್ಯಾನೇಜರ ಕೋಣೆಗೆ ಹೋದಳು.

“ಇದರಲ್ಲಿ ಎರಡು ತಪ್ಪಿದೆ ಸಾರ್.”

“ಕಾಗುಣಿತವಾ?”

“ಅಲ್ಲ. ಅಜಾಗ್ರತೆ ನನ್ನದಲ್ಲ. ಗುಡಿಸ್ತೀನಿ ಅಂದೆ, ಬೇಡ ಅಂದೋರು ನೀವು. ಹೆಸರು ಅಸಭ್ಯ ಅಲ್ಲ. ಬಕೆಟ್ಟಲ್ಲಿ ಅಸಭ್ಯ ಏನಿದೆ?”

“ಜನ ನಕ್ಕರು, ಟೈಪಮ್ಮ.”

“ನಕ್ಕಿದ್ದಕ್ಕೇ ಸಿಕ್ಕಿಬಿತ್ತು. ಸುಳ್ಳು ಹೆಸರು ನೋಡಿದ ತಕ್ಷಣ ಸುಳ್ಳು ಅಂತ ಗೊತ್ತಾಗ್ಬೇಕು, ಸಾರ್. ಅದಕ್ಕೇ ಹಾಗಿಟ್ಟಿರೋದು.”

ಮ್ಯಾನೇಜರು ಪೆನ್ನು ಮುಂದಕ್ಕೆ ತಳ್ಳಿದರು. “ಸಹಿ ಹಾಕಿ. ವಿಷಯ ಇಲ್ಲಿಗೆ ಮುಗಿಸೋಣ. ಆ ಪ್ರೋಗ್ರಾಮನ್ನೂ ಅಳಿಸಿಬಿಡಿ.”

“ಸಹಿ ಹಾಕಲ್ಲ. ಅಳಿಸೋದೂ ಇಲ್ಲ. ಅಳಿಸೋದಿದ್ರೆ ನೀವೇ ಅಳಿಸಿ, ಹೇಗೆ ಅಂತ ಬೇಕಾದ್ರೆ ಹೇಳ್ಕೊಡ್ತೀನಿ.”

ಪೆನ್ನು ಅಲ್ಲೇ ಉಳಿಯಿತು. ಮಧ್ಯಾಹ್ನದೊಳಗೆ ಅವಳ ಫೈಲಿಗೆ ಒಂದು ಎಚ್ಚರಿಕೆ ಪತ್ರ ಸೇರಿತು: ಮೇಲಧಿಕಾರಿಗೆ ಅವಿಧೇಯತೆ, ಕೆಲಸದಲ್ಲಿ ಅಜಾಗ್ರತೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳ ಫೈಲಿಗೆ ಬಿದ್ದ ಮೊದಲ ಹಾಳೆ ಅದು. ಸಂಜೆಗೆ ‘ಹೆಸರು’ ಎಂದು ಬರೆದರೆ ಕಪ್ಪು ಪರದೆ ‘ಅನುಮತಿ ಇಲ್ಲ’ ಎಂದಿತು. ಬೀಗ ಹಾಕಿದವನು ಕನ್ನಡಕದವನು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

“ಅಕ್ಕಾ, ನನಗೂ ಮನೆ ಮಠ ಇದೆ.”

“ಗೊತ್ತು. ಬೀಗ ಹಾಕಿದ್ದೀಯ, ಬೀಗದಕೈ ಎಲ್ಲಿಟ್ಟಿದ್ದೀಯ ಅನ್ನೋದು ನೆನಪಿಟ್ಕೊ. ನಿನಗೆ ಕನ್ನಡಕದ್ದೇ ನೆನಪಿರಲ್ಲ.”

ಅವಳನ್ನು ಹಿಂದಿನ ಬೀರು ಕೋಣೆಗೆ ಹಾಕಿದರು. ಹಳೇ ಕಾಗದಗಳನ್ನು ವರ್ಷವಾರು ಜೋಡಿಸುವ ಕೆಲಸ. ಕಿಟಕಿ ಇಲ್ಲ, ಒಂದು ಟ್ಯೂಬ್‌ಲೈಟು, ಅದೂ ಉರಿಯುವ ಮೊದಲು ನಾಲ್ಕು ಸಲ ಯೋಚನೆ ಮಾಡುತ್ತಿತ್ತು.

ಮನೆಯಲ್ಲಿ ಅವಳು ಹೇಳಬೇಕಾಗಿರಲಿಲ್ಲ, ಊಟದ ತಟ್ಟೆ ಇಟ್ಟ ಸದ್ದಿನಲ್ಲೇ ಎಲ್ಲ ಗೊತ್ತಾಯಿತು. ಗಂಡ ಬಸ್ ಡಿಪೋದಲ್ಲಿ ಇಂಜಿನ್ ರಿಪೇರಿ ಮಾಡುವವನು. ಕೈಯ ಎಣ್ಣೆ ಒರೆಸುತ್ತ ಕೇಳಿದ, “ಒಂದು ಸಹಿ ತಾನೇ. ಹಾಕಿಬಿಟ್ಟಿದ್ರೆ ಏನಾಗ್ತಿತ್ತು?”

“ನಿಮ್ಮ ಡಿಪೋದಲ್ಲಿ ಇನ್ನೊಬ್ಬ ಬ್ರೇಕ್ ಕಟ್ಟದೆ ಬಸ್ ಬಿಟ್ರೆ, ನೀವು ಸಹಿ ಹಾಕ್ತೀರಾ?”

ಅವನು ಒರೆಸುವುದನ್ನು ನಿಲ್ಲಿಸಿದ. “ಇಲ್ಲ” ಎಂದ. ಮತ್ತೆ ಆ ಮಾತು ಎತ್ತಲಿಲ್ಲ.

ಕಿಟಕಿಯ ಬಳಿ ಬಟಾಣಿ ಬಿಡಿಸುತ್ತಿದ್ದ ಅತ್ತೆಗೆ ಈಗ ಎಂಬತ್ತೊಂದು. ಕಿವಿ ಮಂದ, ಬಾಯಿ ಚುರುಕು. “ಏನಂತೆ? ನನ್ನ ಬಕೆಟ್ಟು ಅವರಿಗೆ ಮರ್ಯಾದೆ ಕಡಿಮೆ ಅಂತಾ?”

“ಹೂಂ ಅತ್ತೆ. ಡೀಸೆಂಟ್ ಹೆಸರು ಬೇಕಂತೆ.”

“ಆ ಮ್ಯಾನೇಜರಿಗೆ ಹೇಳು, ಬಕೆಟ್ಟು ಗೊಣಗಿದ್ರೂ ತುಂಬೋದು ಬಿಡಲ್ಲ ಅಂತ. ನೀನು ಕದ್ದಿಲ್ಲ, ಸುಳ್ಳು ಹೇಳಿಲ್ಲ, ತಲೆ ತಗ್ಗಿಸಿದ್ರೆ ನನ್ನ ಅಡಿಗೆಮನೆಗೆ ಬರ್ಬೇಡ.” ಇಷ್ಟು ಹೇಳಿ, ಕೈಜಾರಿದ ಬಟಾಣಿಯೊಂದನ್ನು ‘ಓಡುಕುಳಿ’ ಎಂದು ಬೈದು ಹೆಕ್ಕಿ ಬುಟ್ಟಿಗೆ ಹಾಕಿದರು.

ಆಫೀಸಿನಲ್ಲಿ ಮ್ಯಾನೇಜರು ಡೀಸೆಂಟ್ ಹೆಸರುಗಳ ಪಟ್ಟಿ ತರಿಸಿದರು. ಮುನ್ನೂರು ಹೆಸರು, ಎಲ್ಲವೂ ಬೀದಿಯಲ್ಲಿ ಕೂಗಿದರೆ ಇಬ್ಬರಾದರೂ ತಿರುಗಿ ನೋಡುವಂಥವು. ಜೊತೆಗೆ ನಿಜವಾಗಿ ಇರಬಹುದಾದ ವಯಸ್ಸು. ‘ಒಗ್ಗದ ಮದ್ದು’ ಎಂಬ ಕಡೆ ಮುನ್ನೂರಕ್ಕೂ ‘ಯಾವುದೂ ಇಲ್ಲ’. ಪಟ್ಟಿ ನೋಡಿದ ದಿನವೇ ಟೈಪಮ್ಮ ಬೀರು ಕೋಣೆಯಿಂದ ಹೊರಗೆ ಬಂದು ಎಲ್ಲರ ಮುಂದೆ ಹೇಳಿದಳು, “ಇವು ಜನರ ಹೆಸರು. ಇವರು ನಿಜವಾಗಿ ಬಂದು ನಿಂತ್ರೆ ಏನು ಮಾಡ್ತೀರಿ?”

“ಕುರ್ಚಿ ಹಾಕ್ತೀವಿ” ಎಂದರು ಮ್ಯಾನೇಜರು. ಇಬ್ಬರು ನಕ್ಕರು. ಅವಳು ನಗಲಿಲ್ಲ, ವಾಪಸು ಹೋಗಿ ಕಾಗದ ಜೋಡಿಸಿದಳು.

ಆಸ್ಪತ್ರೆಯ ಮಂಡಳಿಯವರು ಆ ವರ್ಷವೇ ಎರಡನೆಯ ಆಸ್ಪತ್ರೆ ತೆರೆದರು. ಕೌಂಟರು ಹೊಂದಿಸಲು ರಿಜಿಸ್ಟರ್ ಅಣ್ಣನನ್ನೇ ಅಲ್ಲಿಗೂ ಕಳಿಸಿದರು. ಈ ಸಲವೂ ಅವಸರ. ಪ್ರೋಗ್ರಾಮ್ ಹೋಯಿತು, ಗುಡಿಸುವುದು ಮರುದಿನಕ್ಕೆ ಉಳಿಯಿತು. ಬಾಗಿಲು ಮಾತ್ರ ಒಂದು ದಿನ ಮೊದಲೇ ತೆರೆಯಿತು, ಆಮೇಲೆ ಗುಡಿಸುವುದು ಯಾರಿಗೂ ನೆನಪಾಗಲಿಲ್ಲ.

ಮೈಕು ಡೀಸೆಂಟಾಗಿ ಕೂಗಿತು. ಯಾರೂ ನಗಲಿಲ್ಲ. ಹನ್ನೊಂದು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ.

ಹನ್ನೆರಡನೆಯ ದಿನ ಬೆಳಗ್ಗೆ ಕನ್ನಡಕದವನು ಬೀರು ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

“ಅಕ್ಕಾ, ಸುಳ್ಳು ರೋಗಿಗಳು ಇನ್ನೂ ಅಲ್ಲೇ ಇದ್ದಾರೆ.”

“ಅಳಿಸು.”

“ಹೇಗೆ ಅಳಿಸ್ಲಿ? ಈಗ ನಿಜವಾದೋರೂ ಅದೇ ಹೆಸರಲ್ಲಿ ಬಂದಿದ್ದಾರೆ. ಕೌಂಟರಲ್ಲಿ ಹೆಸರು ಹುಡುಕ್ತಾರೆ, ಸಿಗುತ್ತೆ, ವಯಸ್ಸೂ ಹೆಚ್ಚು ಕಡಿಮೆ ಹೊಂದುತ್ತೆ, ‘ಮೊದಲೇ ಬಂದೋರು’ ಅಂದ್ಕೊಂಡು ಅದೇ ಕಡತ ತೆಗೀತಾರೆ. ಹೆಸರು ನೋಡಿ ಅಳಿಸಿದ್ರೆ ನಿಜವಾದೋರೂ ಹೋಗ್ತಾರೆ. ಬಿಟ್ರೆ ಸುಳ್ಳಿನ ಜೊತೆ ಉಳೀತಾರೆ.”

ಟೈಪಮ್ಮ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು. “ಒಗ್ಗದ ಮದ್ದಿನ ಕಡೆ ಏನಿದೆ?”

“ಸುಳ್ಳು ರೋಗಿಗೆ ಏನು ಬರೆದಿತ್ತೋ ಅದೇ. ಯಾವುದೂ ಇಲ್ಲ ಅಂತ.”

“ಮ್ಯಾನೇಜರಿಗೆ ಹೇಳಿದ್ಯಾ?”

“ಹೇಳಿದೆ. ಮುಂದಿನ ವಾರ ನೋಡೋಣ, ಸದ್ಯಕ್ಕೆ ಯಾರಿಗೂ ಹೇಳ್ಬೇಡ ಅಂದ್ರು.”

“ಮುನ್ನೂರೂ ನನಗೆ ಪ್ರಿಂಟ್ ತೆಗೆದುಕೊಡು. ದೊಡ್ಡ ಅಕ್ಷರದಲ್ಲಿ.”

ಹನ್ನೊಂದು ಹಾಳೆ. ಅವನ್ನು ಚೀಲಕ್ಕೆ ಹಾಕಿಕೊಂಡು, ಸ್ಕೇಲು, ಎರಡು ಪೆನ್ನು, ಊಟದ ಡಬ್ಬಿ ತೆಗೆದುಕೊಂಡು ಅವಳು ಮೆಟ್ಟಿಲಿಳಿದಳು. ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ಮ್ಯಾನೇಜರು ಎದುರಾದರು.

“ಎಲ್ಲಿಗೆ?”

“ಆಸ್ಪತ್ರೆಗೆ.”

“ಹುಷಾರಿಲ್ವಾ?”

“ನಾನು ಹುಷಾರಾಗೇ ಇದ್ದೀನಿ. ನಿಮ್ಮ ಮುನ್ನೂರು ಜನಕ್ಕೆ ಹುಷಾರಿಲ್ಲ.”

ಮ್ಯಾನೇಜರು ಒಂದು ಮೆಟ್ಟಿಲು ಮೇಲಕ್ಕೆ ಬಂದು ದಾರಿಗೆ ಅಡ್ಡ ನಿಂತರು. “ಹೋಗೋಕೆ ಯಾರು ಹೇಳಿದ್ರು ನಿಮಗೆ?”

“ಯಾರೂ ಹೇಳಿಲ್ಲ. ಅದಕ್ಕೇ ಹೋಗ್ತಿದ್ದೀನಿ.”

“ಹೋದ್ರೆ ವಾಪಸ್ ಬರೋ ಯೋಚನೆ ಬಿಡಿ.”

“ವಾಪಸ್ ಬರ್ತೀನಿ, ಸಾರ್. ನನ್ನ ಛತ್ರಿ ಮೇಲಿದೆ” ಎಂದು ಅವಳು ಗೋಡೆಯ ಪಕ್ಕಕ್ಕೆ ಸರಿದು ಇಳಿದುಹೋದಳು.

ಆಸ್ಪತ್ರೆ ಮುಟ್ಟಿದಾಗ ಹನ್ನೊಂದು ಇಪ್ಪತ್ತು. ರಿಜಿಸ್ಟರ್ ಅಣ್ಣ ಅವಳ ಮಾತನ್ನು ಪೂರ್ತಿ ಕೇಳಿ, ಕೌಂಟರಿಗೆ ಇನ್ನೊಬ್ಬರನ್ನು ಕೂರಿಸಿ, ಒಳಗಿನ ಕೋಣೆಯ ಬಾಗಿಲು ತೆಗೆದ. ನಿಜವಾಗಿ ಬಂದ ಪ್ರತಿಯೊಬ್ಬ ರೋಗಿಯೂ ಕೌಂಟರಿನಲ್ಲಿ ಒಂದು ಫಾರಂ ತುಂಬಿರುತ್ತಾನೆ, ಕೈಬರಹದಲ್ಲಿ, ಸಹಿ ಹಾಕಿ. ಅವೆಲ್ಲ ಅಲ್ಲಿ ಪೆಟ್ಟಿಗೆಗಳಲ್ಲಿದ್ದವು. ಸುಳ್ಳು ರೋಗಿ ಸಹಿ ಹಾಕಿರುವುದಿಲ್ಲ. ಫಾರಂ ಸಿಕ್ಕರೆ ಆ ಹೆಸರಿನಲ್ಲಿ ನಿಜವಾದವರು ಇದ್ದಾರೆ, ಸಿಗದಿದ್ದರೆ ಬರೀ ಸುಳ್ಳು. ಬೇರೆ ದಾರಿ ಇರಲಿಲ್ಲ.

ಅವಳು ಸಾಲಿನ ಕೆಳಗೆ ಸ್ಕೇಲು ಇಟ್ಟು ಓದುವಳು, ಅವನು ಪೆಟ್ಟಿಗೆಯಲ್ಲಿ ಹುಡುಕುವನು. ಹುಡುಕಿ “ಇಲ್ಲ” ಎಂದರೆ ಅವಳು ಅಡ್ಡಗೆರೆ ಎಳೆಯುವಳು.

ಐವತ್ತನೆಯ ಹೆಸರಿಗೆ ರಿಜಿಸ್ಟರ್ ಅಣ್ಣ ಬೆನ್ನು ಸೆಟೆಸಿ, “ಅಕ್ಕಾ, ಆವತ್ತು ನಿಮ್ಮ ಬಕೆಟ್ಟು ತಪ್ಪಲೆಗಳನ್ನ ಇಪ್ಪತ್ತು ನಿಮಿಷದಲ್ಲಿ ಹೊರಗೆ ಹಾಕಿದ್ದೆ ಕಣ್ರೀ” ಎಂದ.

“ಇದನ್ನ ಮ್ಯಾನೇಜರಿಗೆ ಹೇಳಿ.”

“ಹೇಳಿದ್ದೆ. ಅವರಿಗೆ ನಗು ಮಾತ್ರ ಕೇಳಿಸಿತ್ತು.”

ಊಟವನ್ನು ಪೆಟ್ಟಿಗೆಗಳ ನಡುವೆಯೇ ಮಾಡಿದರು. ನಾಲ್ಕೂವರೆಗೆ ಹನ್ನೊಂದನೆಯ ಹಾಳೆ ಮುಗಿಯಿತು. ಇನ್ನೂರ ಎಂಬತ್ತಾರು ಬರೀ ಸುಳ್ಳು. ಹದಿನಾಲ್ಕು ಹೆಸರಿನಲ್ಲಿ ನಿಜವಾದವರು ಇದ್ದರು. ಆ ಹದಿನಾಲ್ಕು ಫಾರಂಗಳನ್ನು ಅವಳು ಒಂದೊಂದಾಗಿ ಪರದೆಯ ಪಕ್ಕ ಹಿಡಿದು ನೋಡಿದಳು. ಒಂಬತ್ತನೆಯದಕ್ಕೆ ಅವಳ ಬೆರಳು ನಿಂತಿತು. ಫಾರಮ್ಮಿನಲ್ಲಿ ಒಂದು ಇಂಜೆಕ್ಷನ್ ಒಗ್ಗುವುದಿಲ್ಲವೆಂದು ಬರೆದು, ಅಡಿಗೆರೆ ಬೇರೆ ಎಳೆದಿತ್ತು. ಪರದೆಯಲ್ಲಿ: ಯಾವುದೂ ಇಲ್ಲ.

“ಇವರು ಎಲ್ಲಿದ್ದಾರೆ?”

ರಿಜಿಸ್ಟರ್ ಅಣ್ಣ ಪರದೆ ನೋಡಿದ. “ಮೇಲೆ. ಮೂರನೇ ವಾರ್ಡು. ನಾಳೆ ಬೆಳಗ್ಗೆ ಎಂಟಕ್ಕೆ ಆಪರೇಷನ್.”

ಲಿಫ್ಟಿಗೆ ಕಾಯದೆ ಇಬ್ಬರೂ ಮೆಟ್ಟಿಲು ಹತ್ತಿದರು. ಮೂರನೆಯ ವಾರ್ಡಿನ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಬೇಕರಿ ನಡೆಸುವ ಹೆಂಗಸೊಬ್ಬಳು ಕೂತು ಪಕ್ಕದ ಹಾಸಿಗೆಯವಳಿಗೆ ಬ್ರೆಡ್ಡಿನ ಹಿಟ್ಟು ಯಾಕೆ ಉಬ್ಬುವುದಿಲ್ಲ ಎಂದು ವಿವರಿಸುತ್ತಿದ್ದಳು. ಟೈಪಮ್ಮ ಫಾರಂ ತೋರಿಸಿ ಕೇಳಿದಳು, “ಇದು ನೀವು ಬರೆದದ್ದೇ ಅಲ್ವಾ ತಾಯಿ?”

“ನಾನೇ. ಆ ಇಂಜೆಕ್ಷನ್ ಕೊಟ್ರೆ ನನಗೆ ಉಸಿರೇ ನಿಂತುಹೋಗುತ್ತೆ. ಒಂದ್ಸಲ ಸತ್ತು ಬದುಕಿದ್ದೀನಿ. ಅದಕ್ಕೇ ಅಡಿಗೆರೆ ಹಾಕಿದ್ದು. ಯಾಕೆ, ಓದೋಕಾಗಲ್ವಾ?”

“ಚೆನ್ನಾಗಿ ಓದಬಹುದು. ನಾವು ಓದಿರಲಿಲ್ಲ” ಎಂದಳು ಟೈಪಮ್ಮ. “ತಪ್ಪು ನಮ್ಮದು. ಈಗ ಸರಿ ಮಾಡೋಕೆ ಬಂದಿದ್ದೀವಿ.”

ನರ್ಸು ಫಾರಂ ನೋಡಿದಳು, ಪರದೆ ನೋಡಿದಳು, ನಾಳೆ ಕೊಡಬೇಕಾದ ಮದ್ದುಗಳ ಚೀಟಿ ನೋಡಿದಳು. ಚೀಟಿಯಲ್ಲಿ ಎರಡನೆಯದು ಅದೇ ಇಂಜೆಕ್ಷನ್. ಅವಳು ಅದನ್ನು ಹೊಡೆದುಹಾಕಿ, ಹಾಸಿಗೆಯ ತಲೆಗೆ ಕೆಂಪು ಚೀಟಿ ಕಟ್ಟಿ, ಡಾಕ್ಟರಿಗೆ ಫೋನು ಮಾಡಲು ಹೋದಳು. ಬೇಕರಿಯ ಹೆಂಗಸು ಕೆಂಪು ಚೀಟಿಯನ್ನೇ ನೋಡುತ್ತಿದ್ದಳು. ಟೈಪಮ್ಮ ಅವಳ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತಳು.

ಮರುದಿನ ಅವಳು ಆಫೀಸಿಗೆ ಬಂದಾಗ ಬೀರು ಕೋಣೆಯ ಮೇಜಿನ ಮೇಲೆ ಹೊಸ ಪತ್ರ ಇತ್ತು, ಆಸ್ಪತ್ರೆಯ ಮಂಡಳಿಗೆ ಬರೆದದ್ದು. ‘ಸಣ್ಣ ತಾಂತ್ರಿಕ ತೊಂದರೆಯೊಂದನ್ನು ಸರಿಪಡಿಸಲಾಗಿದೆ. ಯಾವ ರೋಗಿಯ ದಾಖಲೆಗೂ ಧಕ್ಕೆಯಾಗಿಲ್ಲ.’ ಕೆಳಗೆ, ‘ಪರಿಶೀಲಿಸಿದವರು’, ಅಲ್ಲಿ ಅವಳ ಸಹಿಗೆ ಜಾಗ. ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದರು. ಇವತ್ತು ಧ್ವನಿ ಮೆತ್ತಗಿತ್ತು.

“ಟೈಪಮ್ಮ, ನಿನ್ನೆ ಹೋಗಿದ್ದನ್ನ ನಾನು ಮರೀತೀನಿ. ಫೈಲಲ್ಲಿರೋ ಹಾಳೆ ಬಗ್ಗೆನೂ ಆಮೇಲೆ ನೋಡೋಣ. ನೀವೇ ಪರಿಶೀಲಿಸಿದ್ದು ತಾನೇ? ಒಂದು ಸಹಿ ಹಾಕಿ.”

“ಹದಿನಾಲ್ಕು ದಾಖಲೆಗೆ ಧಕ್ಕೆಯಾಗಿದೆ, ಸಾರ್.”

“ಸರಿಹೋಯ್ತಲ್ಲ!”

“ಸರಿ ಮಾಡಿದ್ದಕ್ಕೆ ಸರಿಹೋಯ್ತು. ಆಗೇ ಇಲ್ಲ ಅಂತ ಬರೆದ್ರೆ, ನಾಳೆ ಇನ್ನೊಂದು ಕಡೆ ಇದೇ ಆಗುತ್ತೆ.”

“ನೀವು ಸಹಿ ಹಾಕದಿದ್ರೆ ಕೆಲಸ ಉಳಿಯಲ್ಲ. ಸ್ಪಷ್ಟವಾಗಿ ಹೇಳ್ತಿದ್ದೀನಿ.”

“ಸಹಿ ಹಾಕ್ತೀನಿ, ಸಾರ್. ಸ್ವಲ್ಪ ಇರಿ” ಎಂದಳು ಟೈಪಮ್ಮ.

ಅವಳು ಎದ್ದು ಕನ್ನಡಕದವನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಬೆರಳು ಹೊಂದಿಸಿಕೊಂಡು ಆಸ್ಪತ್ರೆಯ ಮಂಡಳಿಗೆ ಬರೆಯತೊಡಗಿದಳು. ಇಪ್ಪತ್ತೊಂಬತ್ತು ವರ್ಷ ಇತರರ ಪತ್ರಗಳನ್ನು ಟೈಪು ಮಾಡಿದವಳು, ಮೊದಲ ಬಾರಿ ತನ್ನದನ್ನು ಮಾಡಿದಳು. ಹದಿನಾರು ಸಾಲು. ಯಾವತ್ತು ಗುಡಿಸದೆ ಕಳಿಸಿದರು, ಕಳಿಸಿ ಎಂದವರು ಯಾರು, ಎಷ್ಟು ಸುಳ್ಳು, ಎಷ್ಟು ನಿಜ, ಯಾವ ವಾರ್ಡಿನಲ್ಲಿ ಏನು ಸಿಕ್ಕಿತು. ಒಂದು ಹೆಚ್ಚಿನ ಮಾತಿಲ್ಲ, ಒಂದು ಬೈಗುಳವಿಲ್ಲ. ಕೊನೆಯ ಸಾಲಿನಲ್ಲಿ, ಮೊದಲ ಆಸ್ಪತ್ರೆಯಲ್ಲಿ ಅರವತ್ತು ಸುಳ್ಳು ರೋಗಿಗಳನ್ನು ಗುರುತಿಸಲು ಇಪ್ಪತ್ತು ನಿಮಿಷ ಹಿಡಿಯಿತು, ಎರಡನೆಯದರಲ್ಲಿ ಹನ್ನೊಂದು ದಿನವಾದರೂ ಗೊತ್ತಾಗಲಿಲ್ಲ ಎಂದು ಬರೆದಳು. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಅವಳಿಗೆ ಅಂಥದೊಂದು ಹೆಸರಿದೆ ಎನ್ನುವುದನ್ನು ಆಫೀಸಿನ ಅರ್ಧ ಜನ ಅವತ್ತೇ ನೋಡಿದ್ದು.

ಮ್ಯಾನೇಜರು ಅವಳ ಹಿಂದೆ ಬಂದು ಓದುತ್ತಿದ್ದರು. “ಅದನ್ನ ಕಳಿಸ್ಬೇಡಿ.”

“ಕಳಿಸಿದ್ದಾಯ್ತು” ಎಂದಳು. ಬೆರಳು ಎಂಟರ್ ಮೇಲೆಯೇ ಇತ್ತು.

ಆರು ದಿನ ಯಾರೂ ಅವಳಿಗೆ ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ಅವಳು ಒಂಬತ್ತಕ್ಕೆ ಬರುತ್ತಿದ್ದಳು, ಐದೂವರೆಗೆ ಹೋಗುತ್ತಿದ್ದಳು. ಟೀ ಕೊಡುವವನೂ ಅವಳ ಲೋಟವನ್ನು ಅವಸರದಲ್ಲಿ ಇಟ್ಟು ಹೋಗುತ್ತಿದ್ದ. ಕನ್ನಡಕದವನು ಮಾತ್ರ ಊಟದ ಬಿಡುವಿನಲ್ಲಿ ಬಂದು ಎದುರಿಗೆ ಕೂರುತ್ತಿದ್ದ.

ಏಳನೆಯ ದಿನ ಯಜಮಾನರು ಬಂದರು. ತಿಂಗಳಿಗೊಮ್ಮೆ ಬರುವವರು, ಕಂಪನಿ ಅವರದೇ. ಅವರ ಕೈಯಲ್ಲಿ ಮಂಡಳಿಯ ಉತ್ತರ. ಹದಿನಾಲ್ಕು ಮಂದಿಗೂ ವಿಷಯ ತಿಳಿಸಿದ್ದರಂತೆ. ಮೂರನೆಯ ಆಸ್ಪತ್ರೆಯ ಕೆಲಸವೂ ಇದೇ ಆಫೀಸಿಗೆ ಸಿಗಬೇಕಾದರೆ ಪರೀಕ್ಷೆಗೆ ಮೊದಲಿನ ಥರದ ಹೆಸರುಗಳನ್ನೇ ಬಳಸಬೇಕು, ಗುಡಿಸಿದ್ದಾಗಿದೆ ಎಂದು ಪತ್ರ ಬರೆದವರೇ ಸಹಿ ಹಾಕಿ ಕೊಡಬೇಕು ಎಂದು ಅದರಲ್ಲಿತ್ತು.

ಯಜಮಾನರು ಅವಳನ್ನು ಮ್ಯಾನೇಜರ ಕೋಣೆಗೆ ಕರೆಸಿ ಕುರ್ಚಿ ತೋರಿಸಿದರು. “ಟೈಪಮ್ಮ, ಆ ಹೆಸರಿನ ಪ್ರೋಗ್ರಾಮ್ ಮತ್ತೆ ಶುರು ಮಾಡಿ. ಒಂದೇ ಒಂದು ಮಾತು. ಆ ಚಾಡಿಕೋರ, ತಲೆಹರಟೆ ಎಲ್ಲ ತೆಗೆದು ಹೂವಿನ ಹೆಸರು ಹಾಕಿದ್ರೆ ಹೇಗೆ? ಕೇಳೋಕೂ ಚೆನ್ನಾಗಿರುತ್ತೆ.”

“ಹೂವಿನ ಹೆಸರು ಜನ ಮಕ್ಕಳಿಗೆ ಇಡ್ತಾರೆ. ಚಾಡಿಕೋರ ಜರಡಿ ಅಂತ ಯಾರೂ ಇಡಲ್ಲ. ಒಂದು ಮಾತೂ ತೆಗೆಯೋಕಾಗಲ್ಲ.”

ಯಜಮಾನರು ಮ್ಯಾನೇಜರ ಮುಖ ನೋಡಿದರು, ಮ್ಯಾನೇಜರು ಕಿಟಕಿ ನೋಡಿದರು. “ಸರಿ, ಹಾಗೇ ಇರ್ಲಿ. ಇವತ್ತೇ ಶುರು ಮಾಡಿ.”

“ಮ್ಯಾನೇಜರು ನನ್ನ ಫೈಲಲ್ಲಿ ಒಂದು ಹಾಳೆ ಹಾಕಿದ್ದಾರೆ.”

“ಓ, ಅದಾ? ಅದು ಇದ್ರೆ ಇರ್ಲಿ ಬಿಡಿ, ಯಾರು ನೋಡ್ತಾರೆ.”

“ನಾನು ನೋಡ್ತೀನಿ.”

“ಹರಿದು ಹಾಕಿಸ್ತೀನಿ ಹಾಗಾದ್ರೆ.”

“ಹರೀಬೇಡಿ. ಹರಿದ್ರೆ ಬರೆದೇ ಇರಲಿಲ್ಲ ಅಂತಾಗುತ್ತೆ. ಅದರ ಕೆಳಗೆ, ಇದು ತಪ್ಪು, ಆವತ್ತು ಗುಡಿಸ್ಬೇಡ ಅಂದವನು ನಾನೇ ಅಂತ ಆ ಹಾಳೆ ಹಾಕಿದವರೇ ಬರೆದು ಸಹಿ ಹಾಕ್ಬೇಕು.”

ಮ್ಯಾನೇಜರ ಕಿವಿ ಕೆಂಪಾಯಿತು. “ಇದು ಅತಿಯಾಯ್ತು. ನಿಮಗೂ ಇನ್ನು ಎರಡು ವರ್ಷ ಸರ್ವೀಸ್ ಇದೆ, ನಾನೂ ಇಲ್ಲೇ ಇರ್ತೀನಿ, ನೆನಪಿರ್ಲಿ.”

“ಇರಿ ಸಾರ್, ಜೊತೆಗೇ ಇರೋಣ. ಫೈಲು ತಂದಿದ್ದೀನಿ” ಎಂದು ಅವಳು ಮಡಿಲಲ್ಲಿದ್ದ ಫೈಲನ್ನು ಮೇಜಿನ ಮೇಲಿಟ್ಟು, ಆ ಹಾಳೆ ತೆರೆದು, ಅವರ ಕಡೆಗೆ ತಿರುಗಿಸಿದಳು.

ಯಜಮಾನರು ಗಡಿಯಾರ ನೋಡಿದರು. ಮ್ಯಾನೇಜರು ಪೆನ್ನು ತೆಗೆದು ಎರಡು ಸಾಲು ಬರೆದು, ಕೆಳಗೆ ಅವಸರದಲ್ಲಿ ಒಂದು ಸುರುಳಿ ಎಳೆದರು. ಟೈಪಮ್ಮ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ‘ನಾನೇ’ ಎನ್ನುವುದು ಇರಲಿಲ್ಲ. ‘ಗುಡಿಸದೆ ಕಳಿಸಲಾಯಿತು’ ಎಂದಿತ್ತು.

ಅವಳು ಹಾಳೆಯನ್ನು ಮತ್ತೆ ಅವರ ಮುಂದೆ ಇಟ್ಟಳು.

“ಯಾರು ಅಂತ ಬರೀರಿ, ಸಾರ್. ನಾನು ಕಾಯ್ತೀನಿ” ಎಂದು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತಳು. ಮ್ಯಾನೇಜರು ಇನ್ನೊಂದು ಸಲ ಪೆನ್ನು ಎತ್ತಿಕೊಳ್ಳುವವರೆಗೂ ಅವಳು ಅಲ್ಲಿಂದ ಏಳಲಿಲ್ಲ.